ದೊರೆಯ ಕೆಮ್ಮು, ನನ್ನ ಕೈಗುಣ

ನನಗೆ ಕೈಗುಣ ಇಲ್ಲವೆಂದು ಮೊದಲು ಕಂಡುಹಿಡಿದವರು ನನ್ನ ಯಜಮಾನರ ಅಕ್ಕ ದೊಡ್ಡಮಾದಮ್ಮನವರು. ನಾನು ಕಾಮಗೆರೆಯ ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ತುಳಸಿ ಒಣಗಿತು. (ಒಣಗಿದ್ದು ಬೇಸಿಗೆಯಲ್ಲಿ. ನಮ್ಮೂರ ಬೇಸಿಗೆಯಲ್ಲಿ ಮನುಷ್ಯರೇ ಒಣಗುತ್ತಾರೆ, ತುಳಸಿ ಯಾವ ಲೆಕ್ಕ.) ಆಮೇಲೆ ಗಿಣಿ ಹಾರಿಹೋಯಿತು. ಪಂಜರದ ಬಾಗಿಲು ತೆರೆದಿಟ್ಟವರು ಯಜಮಾನರು, ಆದರೂ ಅದು ಹಾರಿದ್ದು ನನ್ನ ಕೈಗುಣದಿಂದ. ಬೆಕ್ಕು ತಂದು ಸಾಕಿದೆ. ಅದು ನಮ್ಮ ಮನೆಯ ಹಾಲು ಕುಡಿದು ಎದುರುಮನೆ ರಾಮಮ್ಮನ ಮನೆಯಲ್ಲಿ ಇಲಿ ಹಿಡಿಯತೊಡಗಿತು, ಕೊನೆಗೆ ಅಲ್ಲೇ ಮರಿ ಹಾಕಿ ನೆಲೆನಿಂತಿತು. ಅತ್ತಿಗೆಮ್ಮ ಹನೂರಿನಾಚೆಯ ಕಾಡಂಚಿನ ತಮ್ಮ ಊರಿನಿಂದ ಯಾವಾಗ ಬಂದರೂ ಜಗುಲಿಯ ಮೇಲೆ ಕಾಲು ಚಾಚಿ, ಎಲೆಗೆ ಸುಣ್ಣ ಸವರುತ್ತಾ, ಇದನ್ನೆಲ್ಲಾ ಮೊದಲಿನಿಂದ ಕೊನೆಯವರೆಗೆ ಒಂದು ಸಲ ಪಾರಾಯಣ ಮಾಡುತ್ತಿದ್ದರು. ಅಕ್ಕನ ಮಾತಿಗೆ ಯಜಮಾನರು ತಲೆಯಾಡಿಸುತ್ತಿದ್ದರು.

ನಗುತ್ತಲೇ ಕೇಳಿಸಿಕೊಳ್ಳುತ್ತಿದ್ದೆನಾದರೂ ಆ ಮಾತು ನನಗೆ ನಾಟುತ್ತಿತ್ತು. ಮಕ್ಕಳಿಲ್ಲದ ಮನೆ ನಮ್ಮದು. ಅಂಥ ಮನೆಯಲ್ಲಿ ಕೂತು 'ನಿನ್ನ ಕೈಲಿ ಯಾವುದೂ ಉಳಿಯೋದಿಲ್ಲ' ಎಂದರೆ ಕೇಳುವವಳಿಗೆ ಹೇಗಿರುತ್ತದೆ, ನೀವೇ ಹೇಳಿ. ಒಂದಾದರೂ ಜೀವವನ್ನು ದುಂಡಗೆ ಸಾಕಿ, ಅತ್ತಿಗೆಮ್ಮನ ಬಾಯಿಂದಲೇ 'ನಿನ್ನ ಕೈಗುಣ ಒಳ್ಳೇದು' ಅನ್ನಿಸಬೇಕು ಅನ್ನುವುದು ನನ್ನ ಜನ್ಮದ ಹಟವಾಗಿತ್ತು.

ಅಂಥ ಅತ್ತಿಗೆಮ್ಮ ಒಂದು ಬೆಳಿಗ್ಗೆ ಗಾಡಿ ಕಟ್ಟಿಸಿಕೊಂಡು ಬಂದು, ತಮ್ಮ ಪ್ರಾಣಕ್ಕೆ ಪ್ರಾಣವಾದ ನಾಯಿಯನ್ನು ನಮ್ಮ ಜಗುಲಿಯ ಕಂಬಕ್ಕೆ ಕಟ್ಟಿದರೆ ನನಗೆ ಹೇಗಾಗಿರಬೇಡ. ನಾಯಿಯ ಹೆಸರು ದೊರೆ. ನಮ್ಮ ಕೊಳ್ಳೇಗಾಲ ಸೀಮೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲದಲ್ಲಿ ಬೇಟೆಗೆ ಬಂದ ಯಾವನೋ ಬಿಳಿ ದೊರೆ ಬಿಟ್ಟುಹೋದ ನಾಯಿಯ ವಂಶವಂತೆ. ನಾವು ಮೈಸೂರಿಗೆ ಸೇರಿ ಏಳೆಂಟು ವರ್ಷವಾಗಿದ್ದರೂ ಈ ನಾಯಿಗೆ ಮಾತ್ರ ಆ ಠೀವಿ ಹೋಗಿರಲಿಲ್ಲ. ಹುರಿದ ಕಡಲೇಕಾಯಿಯ ಬಣ್ಣ, ಸಣ್ಣ ಸೊಂಟ, ಉದ್ದನೆಯ ಮೂತಿ. ಅವನು ಹೊಲದಲ್ಲಿ ನಿಂತರೆ ಕಾಡುಹಂದಿ ಬದುವಿನಾಚೆಯಿಂದಲೇ ಹಿಂದಕ್ಕೆ ಹೋಗುತ್ತದೆಂದು ಅತ್ತಿಗೆಮ್ಮ ಹೇಳುತ್ತಿದ್ದರು.

"ಮಾಂಬಳ್ಳಿಗೆ ಓಯ್ತಾ ಇವ್ನಿ ಕಣಮ್ಮಿ, ಮಗಳ ಬಾಣಂತನಕ್ಕೆ. ನಾ ಬರಗಂಟ ಇವನ್ನ ನೋಡ್ಕೊ. ಬ್ಯಾರೆ ನಾಯಿಗಳ ಜೊತೆಗೆ ಸೇರುಸ್ಬ್ಯಾಡ. ಇವನ ತಟ್ಟೇಲಿ ಇವನಿಗೇ ಇಕ್ಕು," ಅಂದರು. ಒಂದು ಅಲ್ಯೂಮಿನಿಯಂ ತಟ್ಟೆಯನ್ನೂ ಕೈಗಿಟ್ಟರು.

ಬೀದಿನಾಯಿಗಳ ಜೊತೆ ಸೇರಿದರೆ ದೊರೆಗೆ ಮೈಲಿಗೆಯಾಗುತ್ತದೇನೋ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಗಾಡಿ ಕೊಳ್ಳೇಗಾಲದ ರಸ್ತೆಗೆ ತಿರುಗಿತು. ಅದರ ಧೂಳು ಅಡಗುವ ಮೊದಲೇ ದೊರೆ ಕೆಮ್ಮಿದ.

ಕೆಮ್ಮೆಂದರೆ ನೀವು ನಾವು ಕೆಮ್ಮುವ ಹಾಗಲ್ಲ. ಕತ್ತನ್ನು ಮುಂದಕ್ಕೆ ಚಾಚಿ, ಬೆನ್ನು ಬಿಲ್ಲು ಮಾಡಿ, ನಾಲ್ಕೂ ಕಾಲನ್ನು ನೆಲಕ್ಕೆ ಊರಿ, ಕೊಕ್ಕರೆ ಕೂಗಿದಂಥ ಒಂದು ಸದ್ದು. ಅದೇ ಸದ್ದು ಮತ್ತೆ ಮತ್ತೆ ಬಂದು, ಕೊನೆಗೆ ವಾಂತಿ ಬಂದವನ ಹಾಗೆ ಓಕರಿಸಿ, ಬಿಳಿ ನೊರೆ ಒಂದಿಷ್ಟು ನೆಲಕ್ಕೆ ಬಿಟ್ಟು, ಏನೂ ಆಗದವನ ಹಾಗೆ ಬಾಲ ಅಲ್ಲಾಡಿಸಿದ. ಬಂದು ಗಳಿಗೆಯಾಗಿಲ್ಲ, ಆಗಲೇ ಶುರುವಾಯಿತಲ್ಲ ನನ್ನ ಕೈಗುಣ.

ಯಜಮಾನರು (ಮಹದೇವಯ್ಯನವರು, ಸೊಸೈಟಿಯಲ್ಲಿ ಗುಮಾಸ್ತರು, ಬೀಡಿ ಸೇದುವಾಗ ಮಾತ್ರ ಚುರುಕು) ಹೊಗೆ ಬಿಟ್ಟು ನೋಡಿ, ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ತೀರ್ಪು ಕೊಟ್ಟರು. ನನಗೂ ಹಾಗೇ ಅನ್ನಿಸಿತು. ಆದರೆ ನಮ್ಮ ಮನೆಯಲ್ಲಿ ಮೂಳೆಯ ಸುದ್ದಿಯೇ ಇಲ್ಲ. ಅಂದಮೇಲೆ ಅದು ಬಂದದ್ದು ರಾಮಮ್ಮನ ತಿಪ್ಪೆಯಿಂದಲೇ ಇರಬೇಕು. ನಾನು ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದೆ. ದೊರೆ ಕಂಬ ಬಿಟ್ಟು ಕದಲಿಲ್ಲವಲ್ಲ, ಮೂಳೆಯೇ ನಡೆದುಕೊಂಡು ಅವನ ಬಾಯಿಗೆ ಹೋಯಿತೇ ಎಂದು ರಾಮಮ್ಮ ಕೇಳಿದಳು. ಸರಿಯಾದ ಪ್ರಶ್ನೆಯೇ. ಸರಿಯಾಗಿದ್ದರಿಂದಲೇ ನನಗೆ ಇನ್ನೂ ಸಿಟ್ಟು ಬಂತು. ಹತ್ತು ಮನೆಗೆ ಕೇಳುವಷ್ಟು ಜಗಳವಾಡಿ ಒಳಗೆ ಬಂದೆ.

ಮೂಳೆಯೋ ಮುಳ್ಳೋ ಗಂಟಲಿಗೆ ಸಿಕ್ಕಿದರೆ ನಮ್ಮ ಕಡೆ ಇರುವುದು ಒಂದೇ ಔಷಧ. ಬಿಸಿ ರಾಗಿಮುದ್ದೆಯನ್ನು ಮುರಿದು, ಉಂಡೆಮಾಡಿ, ಅಗಿಯದೆ ನುಂಗಿದರೆ ಅದು ಹೋಗುವ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲಾ ಬಾಚಿಕೊಂಡು ಹೋಗುತ್ತದೆ. ಮುದ್ದೆಯನ್ನು ಅಗಿಯಬಾರದೆಂದು ಹುಟ್ಟಿದಾಗಿನಿಂದ ಕಲಿತ ಜನ ನಾವು. ನಾಯಿಗೆ ಅದನ್ನು ಯಾರು ಕಲಿಸಿದ್ದಾರೆ. ಯಜಮಾನರು ಹಿಂದಿನಿಂದ ದೊರೆಯನ್ನು ತಬ್ಬಿ ಹಿಡಿದರು. ನಾನು ಬಾಯಿ ಅಗಲಿಸಿ, ಮೂಳೆ ಕಾಣುತ್ತದೆಯೇ ಎಂದು ಕೈಯನ್ನೇ ಒಳಗೆ ಹಾಕಿ ತಡಕಿದೆ. ಏನೂ ಸಿಗಲಿಲ್ಲ. ಕೈ ತೆಗೆಯುವಾಗ ಅವನ ಹಲ್ಲು ತಗುಲಿ ತೋರುಬೆರಳು ಗೀರಿತು. ಅದನ್ನು ನಾನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಬೆಣ್ಣೆ ಸವರಿದ ಮುದ್ದೆಯ ಉಂಡೆಯನ್ನು ನಾಲಿಗೆಯ ಮೇಲಿಟ್ಟು, ಗದ್ದ ಎತ್ತಿ, ಗಂಟಲು ನೀವಿದೆ. ದೊರೆ ನುಂಗಿದ. ಕಣ್ಣರಳಿಸಿ ನನ್ನನ್ನೇ ನೋಡಿದ. ಆಮೇಲೆ ಇನ್ನೊಂದು ಸಲ ಕೆಮ್ಮಿ ಮುದ್ದೆಗಾಗಿ ಬಾಯಿ ತೆರೆದ.

ಹೀಗೆ ಒಂದು ಮುದ್ದೆ ಪೂರ್ತಿ ಇಳಿಯಿತು. ಕೆಮ್ಮು ಇಳಿಯಲಿಲ್ಲ. ಬೀದಿಯಲ್ಲಿ ಯಾರಾದರೂ ಹೋದರೆ ದೊರೆ ಹಗ್ಗ ಜಗ್ಗಿ ನೆಗೆಯುತ್ತಿದ್ದ. ಹಗ್ಗ ಕತ್ತಿಗೆ ಬಿಗಿದ ಕೂಡಲೇ ಮತ್ತೆ ಕೊಕ್ಕರೆಯ ಕೂಗು. ಹೀಗೆ ಜಗ್ಗಿದರೆ ಕಿತ್ತುಕೊಂಡು ಓಡಿಬಿಟ್ಟಾನು ಎಂದು ನಾನು ಹಗ್ಗವನ್ನು ಇನ್ನಷ್ಟು ಗಿಡ್ಡ ಮಾಡಿದೆ.

ಆಗ ನನಗೆ ಆ ಮಹತ್ತರವಾದ ಆಲೋಚನೆ ಹೊಳೆಯಿತು.

ನಮ್ಮ ಸೀಮೆಯಲ್ಲಿ ಮನೆಯವರಿಗೆ ಕಾಯಿಲೆ ಜಗ್ಗದಿದ್ದರೆ ಬೆಟ್ಟದ ಮಾದಪ್ಪನ ಹೆಸರಿನಲ್ಲಿ ಪರ ಮಾಡುತ್ತೇವೆಂದು ಹರಕೆ ಹೊರುತ್ತಾರೆ. ಪರ ಎಂದರೆ ಬೀದಿಯವರನ್ನೆಲ್ಲಾ ಕರೆದು, ಮೇಲು ಕೀಳು ನೋಡದೆ ಒಂದೇ ಸಾಲಿನಲ್ಲಿ ಕೂರಿಸಿ ಹೊಟ್ಟೆ ತುಂಬ ಬಡಿಸುವುದು. ಉಂಡವರ ಬಾಯಿಂದ ಬಂದ ಹಾರೈಕೆ ಕಾಯಿಲೆಯವರಿಗೆ ತಟ್ಟುತ್ತದೆ. ಮನುಷ್ಯರ ಕಾಯಿಲೆಗೆ ಮನುಷ್ಯರಿಗೆ ಉಣಬಡಿಸಬೇಕಾದರೆ ನಾಯಿಯ ಕಾಯಿಲೆಗೆ ಯಾರಿಗೆ ಉಣಬಡಿಸಬೇಕು? ಇಷ್ಟು ಸರಳವಾದ ನ್ಯಾಯ ಇದುವರೆಗೆ ಯಾರ ತಲೆಗೂ ಹೋಗಿಲ್ಲವಲ್ಲ ಎಂದು ನನಗೆ ಹೆಮ್ಮೆಯಾಯಿತು.

ಯಜಮಾನರು, ಬೇರೆ ನಾಯಿಗಳ ಜೊತೆ ಸೇರಿಸಬೇಡವೆಂದು ಅಕ್ಕ ಹೇಳಿಲ್ಲವೇ ಎಂದು ಗೊಣಗಿದರು. ಮಾದಪ್ಪನ ಪರದಲ್ಲಿ ದೊರೆಯೂ ಒಂದೇ, ಬೀದಿನಾಯಿಯೂ ಒಂದೇ ಎಂದು ನಾನು ಬಾಯಿ ಮುಚ್ಚಿಸಿದೆ. ಮಾರನೆಯ ದಿನವೇ ಸೋಮವಾರ. ಮಿಂದು ಮಡಿಯುಟ್ಟು ಅನ್ನ ಮಾಡಿ, ಬೆಲ್ಲ ಹಾಲು ಕಲಸಿ, ದನಕ್ಕೆ ಕಲಗಚ್ಚು ಸುರಿಯುವ ಹಿತ್ತಲ ಕಲ್ಲುಬಾನಿಯನ್ನು ತಿಕ್ಕಿ ತೊಳೆದು ತುಂಬಿಸಿದೆ. ಬೀದಿಯ ನಾಯಿಗಳೆಲ್ಲಾ ಬಂದವು. ರಾಮಮ್ಮನ ಬೋಡ ಬಂತು, ಮೂಲೆಮನೆ ಪುಟ್ಟಬಸಪ್ಪನ ಕೆಂಚ ಬಂತು, ಹೇಳುವವರು ಕೇಳುವವರು ಇಲ್ಲದವೂ ಬಂದವು. ನಾನು ದೊರೆಯನ್ನು ಯಜಮಾನನ ಸ್ಥಾನದಲ್ಲಿ, ಬಾನಿಯ ಎದುರಿಗೆ ನಡುಮಧ್ಯಕ್ಕೆ ನಿಲ್ಲಿಸಿದೆ. ಅವನು ಮೊದಲು ಬಾನಿಯ ಒಳಕ್ಕೇ ಒಂದು ಸಲ ಭರ್ಜರಿಯಾಗಿ ಕೆಮ್ಮಿ, ಆಮೇಲೆ ಊಟಕ್ಕೆ ಅಪ್ಪಣೆ ಕೊಟ್ಟ. ಮೂತಿಗೆ ಮೂತಿ ತಗುಲಿಸಿ ಅಷ್ಟೂ ನಾಯಿಗಳು ಉಂಡವು. ನಾನು ಕೈ ಮುಗಿದು ನಿಂತಿದ್ದೆ.

ಮೂರನೆಯ ದಿನಕ್ಕೆ ಕೆಂಚ ಕೆಮ್ಮಿತು. ಆಮೇಲೆ ಬೋಡ. ಆಮೇಲೆ ಯಾವ ಜಗುಲಿಯಿಂದ ನೋಡಿದರೂ ಕೊಕ್ಕರೆಯ ಕೂಗು. ಹೋಗಿಬರುವವರೆಲ್ಲಾ ಈ ಬೀದಿಗೆ ಏನಾಗಿದೆ ಎಂದು ಕೇಳುವಂತಾಯಿತು.

ಪುಟ್ಟಬಸಪ್ಪ ಬಂದು ನಮ್ಮ ದೊರೆಯನ್ನು ದೂರದಿಂದಲೇ ದಿಟ್ಟಿಸಿದರು. ಅವರು ಗಾಡಿ ಹೊಡೆಯುವವರು, ಲೋಕ ಕಂಡವರು. ಗಂಟಲಲ್ಲಿ ಏನೋ ಸಿಕ್ಕಿದವನ ಹಾಗೆ ಆಡುವುದು, ಬಾಯಲ್ಲಿ ನೊರೆ ಬರುವುದು, ಇವೆಲ್ಲಾ ಯಾವುದರ ಲಕ್ಷಣವೆಂದು ಗೊತ್ತೇ ಎಂದು ಕೇಳಿದರು.

"ಹುಚ್ಚು ಕಣವ್ವ," ಅಂದರು ಮೆಲ್ಲಗೆ. "ಯಾರ್ಗೂ ಹಲ್ಲು ಗಿಲ್ಲು ತಗುಲಿಲ್ಲ ತಾನೆ?"

ನಾನು ತೋರುಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಹುಚ್ಚುನಾಯಿ ಕಚ್ಚಿ ಸತ್ತವರ ಕಥೆಗಳೆಲ್ಲಾ ಒಟ್ಟಿಗೆ ನೆನಪಾದವು. ಹೊಕ್ಕುಳ ಸುತ್ತ ಚುಚ್ಚುವ ಇಂಜೆಕ್ಷನ್ನುಗಳು ನೆನಪಾದವು. ಒಳಗೆ ಹೋಗಿ ಒಂದು ಚೊಂಬು ನೀರು ಕುಡಿದು ನೋಡಿದೆ, ಇಳಿಯಿತು. ಸಮಾಧಾನವಾಗದೆ ಇನ್ನೊಂದು ಚೊಂಬು ಕುಡಿದೆ. ಯಜಮಾನರು ಏನಾಯಿತೆಂದರು. ಬೆರಳು ತೋರಿಸಿದೆ. ಬೀಡಿ ಅವರ ಕೈಯಿಂದ ಕೆಳಗೆ ಬಿತ್ತು. ಮದುವೆಯಾದ ಮೇಲೆ ಮೊದಲ ಸಲ ಅವರ ಮುಖದಲ್ಲಿ ಭಯ ಕಂಡೆ. ಅದನ್ನು ನೋಡಿ ನನ್ನ ಭಯ ಇಮ್ಮಡಿಯಾಯಿತು.

ಪುಟ್ಟಬಸಪ್ಪನವರ ಗಾಡಿಯಲ್ಲೇ ಕೊಳ್ಳೇಗಾಲಕ್ಕೆ ಹೊರಟೆವು. ರೇಷ್ಮೆಗೂಡಿನ ಮಂಕರಿಗಳ ನಡುವೆ ದೊರೆ, ಅವನ ಮೂತಿಗೆ ನನ್ನ ಹಳೇ ರವಿಕೆ ಸುತ್ತಿತ್ತು. ಹಿಂದುಗಡೆ ಯಜಮಾನರು, ಮುಂದುಗಡೆ ನಾನು. ದೊರೆ ಕೆಮ್ಮಿದಾಗಲೆಲ್ಲಾ ಪುಟ್ಟಬಸಪ್ಪ ಎತ್ತುಗಳನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು.

ದನದ ಆಸ್ಪತ್ರೆಯ ಡಾಕ್ಟರು ಕನ್ನಡಕ ಹಾಕಿದ ಹುಡುಗಪ್ರಾಯದವರು. ದೊರೆಯ ಮೂತಿಯ ಕಟ್ಟು ಬಿಚ್ಚಿಸಿದರು. ಊಟ ಮಾಡುತ್ತಾನೆಯೇ, ನೀರು ಕುಡಿಯುತ್ತಾನೆಯೇ, ಮನೆಯವರ ಗುರುತಿದೆಯೇ ಎಂದು ಕೇಳಿದರು. ಮೈ ಮುಟ್ಟಿ ಜ್ವರ ನೋಡಿದರು. ಗಂಟಲಿನ ಕೊಳವೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಅದುಮಿದರು. ದೊರೆ ಅಪ್ಪಣೆ ಕೇಳಿಸಿಕೊಂಡವನ ಹಾಗೆ ಕೆಮ್ಮಿದ.

ಇದು ಮೂಳೆಯೂ ಅಲ್ಲ, ನೋಡಿದರೆ ಹುಚ್ಚಿನ ಹಾಗೂ ಇಲ್ಲ ಅಂದರು. ನಾಯಿಯಿಂದ ನಾಯಿಗೆ ಅಂಟುವ ಕೆಮ್ಮಂತೆ. ಗೆಲುವಾಗಿಯೇ ಇರುತ್ತವೆ, ತಿನ್ನುತ್ತವೆ, ಉದ್ರೇಕವಾದಾಗ, ಕತ್ತಿನ ಹಗ್ಗ ಎಳೆದಾಗ ಹೀಗೆ ಒಣಕೆಮ್ಮು ಬರುತ್ತದೆ. ಬಲವಾದ ನಾಯಿಯಾದರೆ ಎರಡು ಮೂರು ವಾರದಲ್ಲಿ ತಾನೇ ಕಡಿಮೆಯಾಗುತ್ತದೆ. ಎಳೆಮರಿ, ಮುದಿನಾಯಿಗೆ ಅಂಟಿದರೆ ಎದೆಗೆ ಇಳಿದು ಜೀವಕ್ಕೇ ಬರಬಹುದು. ಕತ್ತಿಗೆ ಹಗ್ಗ ಬೇಡ, ಎದೆಯ ಸುತ್ತ ಕಟ್ಟಬೇಕು. ಹೊಗೆ, ಧೂಳು ಆಗದು. ಬೆಚ್ಚಗಿಡಬೇಕು, ಮೆತ್ತಗಿನ ಊಟ ಕೊಡಬೇಕು. ಊಟ ಬಿಟ್ಟರೆ, ಜ್ವರ ಬಂದರೆ, ಉಸಿರಿಗೆ ಕಷ್ಟಪಟ್ಟರೆ, ಮೂಗಿನಲ್ಲಿ ಹಳದಿ ಸಿಂಬಳ ಇಳಿದರೆ ತಡಮಾಡದೆ ಕರೆತರಬೇಕು. ಇಷ್ಟನ್ನೂ ಹೇಳಿ ಒಂದು ಔಷಧದ ಸೀಸೆ ಕೊಟ್ಟರು.

"ಬೇರೆ ನಾಯಿಗಳ ಜೊತೆಗೇನೂ ಸೇರಿಸಿಲ್ಲ ತಾನೆ?" ಎಂದು ಕೊನೆಗೆ ಕೇಳಿದರು.

ನಾನು ಯಜಮಾನರನ್ನು ನೋಡಿದೆ. ಯಜಮಾನರು ಸೂರು ನೋಡಿದರು. "ಒಂದು ಊಟಕ್ಕೆ ಸೇರಿದ್ವು ಸಾ," ಅಂದರು.

"ಎಷ್ಟು ನಾಯಿ?"

"ಬೀದೀಲಿರೋವಷ್ಟೂ ಸಾ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನನ್ನ ಬೆರಳು ನೋಡಿದರು. ಗಾಯವನ್ನು ಸೋಪು ಹಾಕಿ ಚೆನ್ನಾಗಿ ತೊಳೆದು ಮನುಷ್ಯರ ಡಾಕ್ಟರಿಗೂ ತೋರಿಸಬೇಕು, ನಾಯಿಯನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು ಅಂದರು. ಹಲ್ಲು ತಗುಲಿದ ದಿನದಿಂದ ಹತ್ತು ದಿನ ಅದು ಹೀಗೇ ಗಟ್ಟಿಯಾಗಿದ್ದರೆ ಭಯವಿಲ್ಲ. ದವಡೆ ಜೋತರೆ, ದನಿ ಬದಲಾದರೆ, ಗುರುತು ತಪ್ಪಿದರೆ ಆ ಗಳಿಗೆಯೇ ಓಡಿಬರಬೇಕು. ಮನುಷ್ಯರ ಡಾಕ್ಟರೂ ಬೆರಳಿಗೆ ಔಷಧ ಹಚ್ಚಿ ಅದನ್ನೇ ಹೇಳಿದರು. ಅಲ್ಲಿಗೆ ನನ್ನ ಪ್ರಾಣ ನಾಯಿಯ ಪ್ರಾಣಕ್ಕೆ ಗಂಟುಬಿತ್ತು.

ಆಮೇಲಿನ ದಿನಗಳಲ್ಲಿ ನಾನು ಆ ನಾಯಿಗೆ ಮಾಡಿದ ಸೇವೆಯನ್ನು ಯಾವ ಪತಿವ್ರತೆಯೂ ಪತಿಗೆ ಮಾಡಿರಲಾರಳು. ದೊರೆಗೆ ನಡುಮನೆ ಬಿಟ್ಟುಕೊಟ್ಟೆ. ಹೊಗೆ ಆಗದೆಂದು ಒಲೆಯನ್ನು ಹಿತ್ತಲಿಗೆ ಎತ್ತಿದೆ. ಯಜಮಾನರ ಬೀಡಿಯನ್ನು ಬೀದಿಯ ತುದಿಗೆ ಗಡೀಪಾರು ಮಾಡಿದೆ. ಧೂಳೇಳದಂತೆ ನೀರು ಚಿಮುಕಿಸಿ ಗುಡಿಸಿದೆ. ಯಜಮಾನರ ಅಂಗವಸ್ತ್ರ ಹರಿದು ದೊರೆಯ ಎದೆಗೆ ಪಟ್ಟಿ ಕಟ್ಟಿದೆ. ಅವನು ನೀರು ಕುಡಿದರೆ ನಾನು ಉಸಿರು ಬಿಡುತ್ತಿದ್ದೆ. ಆಕಳಿಸಿದರೆ ದವಡೆ ಜೋತಿತೇನೋ ಎಂದು ಕೂಗಿಕೊಳ್ಳುತ್ತಿದ್ದೆ. ಬೊಗಳಿದರೆ ದನಿ ಹೋದ ವಾರದ ದನಿಯೇ ಹೌದೇ ಎಂದು ಯಜಮಾನರನ್ನು ಕರೆದು ಕೇಳಿಸುತ್ತಿದ್ದೆ.

"ಲೇ ಶಿವನಂಜಿ, ನಂಗೂ ಒಂದು ಕೆಮ್ಮು ಬರಬಾರ್ದಾ," ಎಂದರು ಒಂದು ದಿನ, ತಣ್ಣಗಾದ ಸಾರಿನ ಮುಂದೆ ಕೂತು.

ಬೀದಿಯ ನಾಯಿಗಳ ವಿಷಯದಲ್ಲಿ ನನಗೆ ಅಳುಕಿತ್ತು. ಡಾಕ್ಟರು ಹೇಳಿದ್ದನ್ನು ಮನೆಮನೆಗೂ ಹೇಳಿಬಂದೆ. ಕತ್ತಿನ ಹಗ್ಗ ಬಿಚ್ಚಿಸಿದೆ, ತಟ್ಟೆ ಬೇರೆ ಮಾಡಿಸಿದೆ. ಯಾರ ನಾಯಿಯಿಂದ ಬಂತು ಅನ್ನುವುದನ್ನು ಮಾತ್ರ ಬಾಯಿ ಬಿಡಲಿಲ್ಲ. ಇದು ಗಾಳಿಯಲ್ಲಿ ಬರುವ ರೋಗವೆಂದು ಆಕಾಶದ ಕಡೆ ಕೈ ತೋರಿಸಿದೆ. ರಾಮಮ್ಮ ಮೂಳೆಯ ಜಗಳ ಮರೆತು ಬೋಡನ ಮೂಗು ತೋರಿಸಿ ಸಲಹೆ ಕೇಳಿದಳು. ಪುಟ್ಟಬಸಪ್ಪ ನನ್ನನ್ನು ಡಾಕ್ಟರಮ್ಮ ಅಂದರು. ಎಲ್ಲಿಯವರೆಗೆ ಹೋಯಿತೆಂದರೆ, ನಾನೇ ಅದನ್ನು ನಂಬತೊಡಗಿದೆ.

ಹತ್ತು ದಿನದ ಗಡುವು ಕಳೆಯಿತು. ದೊರೆ ಗಟ್ಟಿಯಾಗಿಯೇ ಇದ್ದ, ನನಗೆ ಹೋದ ಪ್ರಾಣ ಬಂತು. ಇನ್ನಷ್ಟು ದಿನ ಕಳೆದ ಮೇಲೆ ಅವನ ಕೆಮ್ಮೂ ನಿಂತಿತು. ಹಾಲು ಬೆಣ್ಣೆ ಮುದ್ದೆ ಉಂಡು ಸೊಂಟ ಎನ್ನುವುದೇ ಇಲ್ಲದಂತೆ ದುಂಡಗಾಗಿದ್ದ. ಅತ್ತಿಗೆಮ್ಮನ ಗಾಡಿ ಬರುವ ದಿನ ಅವನಿಗೆ ಸ್ನಾನ ಮಾಡಿಸಿ, ಹಣೆಗೆ ಕುಂಕುಮವಿಟ್ಟು ಜಗುಲಿಯ ಮೇಲೆ ನಿಲ್ಲಿಸಿದೆ. ನನ್ನ ಗೆಲುವನ್ನು ನಾಲ್ಕು ಜನ ನೋಡಲಿ ಎಂದು ರಾಮಮ್ಮನನ್ನೂ ಪುಟ್ಟಬಸಪ್ಪನವರನ್ನೂ ಎಲೆಅಡಿಕೆಗೆ ಕರೆದಿದ್ದೆ.

ಅತ್ತಿಗೆಮ್ಮ ಇಳಿದರು. ದೊರೆ ಅವರ ಮೇಲೆ ಹಾರಿ ಮುಖ ನೆಕ್ಕಿದ. ಅವರು ಅವನ ಗಂಟಲನ್ನು ಎರಡು ಬೆರಳಿನಿಂದ ಮೆಲ್ಲಗೆ ಅದುಮಿದರು, ಥೇಟ್ ಆ ಡಾಕ್ಟರ ಹಾಗೆ. ದೊರೆ ಕೆಮ್ಮಲಿಲ್ಲ.

"ಪರವಾಗಿಲ್ಲ ಕಣಮ್ಮಿ, ವಾಸಿ ಮಾಡಿದ್ದೀಯ. ನಿನ್ನ ಕೈಗುಣ ದೊಡ್ಡದು," ಅಂದರು.

ನನ್ನ ಕಣ್ಣು ತುಂಬಿತು. ಇಷ್ಟು ವರ್ಷ ಕಾದ ಮಾತು ಬೀದಿಯ ಎದುರಿಗೇ ಬಿದ್ದಿತ್ತು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಗ ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ಕೇಳಬಾರದಿತ್ತು, ಕೇಳಿದೆ. ಇವನಿಗೆ ಕೆಮ್ಮಿತ್ತೆಂದು ನಿಮಗೆ ಹೇಗೆ ಗೊತ್ತಾಯಿತು ಅತ್ತಿಗೆಮ್ಮ ಅಂದೆ.

"ಗೊತ್ತಿದ್ದೇ ತಂದು ಬಿಟ್ಟಿದ್ದು. ನಮ್ಮ ಹೆಣ್ಣುನಾಯಿ ಮರಿ ಹಾಕೋದ್ರಲ್ಲಿತ್ತು. ಎಳೆಮರಿಗೆ ಈ ಕೆಮ್ಮು ಅಂಟುದ್ರೆ ಒಂದೂ ದಕ್ಕಾಕಿಲ್ಲ. ನಿನ್ ಮನೇಲಾದ್ರೆ ಅಂಟಿಸ್ಕೊಳ್ಳಾಕೆ ಇನ್ನೊಂದು ಜೀವ ಇಲ್ಲ. ಅಲ್ದೆ ನಿನ್ ಕೈಲಿ ಯಾವ್ದೂ ಉಳಿಯಾಕಿಲ್ವಲ್ಲ, ಈ ಕೆಮ್ಮೂ ಉಳಿಯಾಕಿಲ್ಲ ಅಂತ ನಂಗೆ ನಂಬ್ಕೆ ಇತ್ತು ಕಣಮ್ಮಿ."

ರಾಮಮ್ಮ ಅಗಿಯುತ್ತಿದ್ದ ಎಲೆಯನ್ನು ಅಗಿಯುವುದು ನಿಲ್ಲಿಸಿದಳು. ಪುಟ್ಟಬಸಪ್ಪ ಮೊದಲು ಆಕಾಶ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅಷ್ಟರಲ್ಲಿ ಎದುರುಮನೆಯ ಬೋಡ ಕೆಮ್ಮಿತು. ಮೂಲೆಮನೆಯ ಕೆಂಚ ಅದಕ್ಕೆ ಉತ್ತರ ಕೊಟ್ಟಿತು. ಇದೇನು ಊರಿಗೂರೇ ಕೆಮ್ಮುತ್ತಿದೆ ಎಂದು ಅತ್ತಿಗೆಮ್ಮ ಕೇಳಿದರು. ಯಜಮಾನರು ಪರದ ಕಥೆಯನ್ನು, ಬೆಲ್ಲ ಹಾಲು ಕಲಸಿದ್ದರಿಂದ ಹಿಡಿದು ದೊರೆ ಬಾನಿಯೊಳಕ್ಕೆ ಕೆಮ್ಮಿದ್ದರವರೆಗೆ, ಒಂದಕ್ಷರ ಬಿಡದೆ ಹೇಳಿದರು. ಹಾಳಾದವರು ಸೊಸೈಟಿಯ ಲೆಕ್ಕದಲ್ಲಿ ಇಷ್ಟು ಚುರುಕಾಗಿದ್ದರೆ ಇಷ್ಟು ಹೊತ್ತಿಗೆ ಸೆಕ್ರೆಟರಿಯಾಗಿರುತ್ತಿದ್ದರು.

ಅತ್ತಿಗೆಮ್ಮ ಎಲ್ಲವನ್ನೂ ಕೇಳಿ, ದೊರೆಯ ಪಟ್ಟಿಯನ್ನು ತಿರುಗಿ ನನ್ನ ಕೈಗಿಟ್ಟರು. ಇಷ್ಟು ಕೆಮ್ಮಿನ ನಡುವೆ ನಿಂತವನನ್ನು ಎಳೆಮರಿಗಳ ಹತ್ತಿರ ಹೇಗೆ ಕರೆದೊಯ್ಯಲಿ, ಬೀದಿಗೆಲ್ಲಾ ವಾಸಿಯಾಗಲಿ, ಆಮೇಲೆ ಬರುತ್ತೇನೆ ಎಂದು ಗಾಡಿ ಹತ್ತಿದರು.

ಮಾರನೆಯ ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗ ರಾಮಮ್ಮ ಬೋಡನನ್ನು ನಮ್ಮ ಜಗುಲಿಯ ಕಂಬಕ್ಕೆ ಕಟ್ಟುತ್ತಿದ್ದಳು. (ಎದೆಗೇ ಕಟ್ಟಿದ್ದಳು, ನಾನೇ ಹೇಳಿಕೊಟ್ಟಂತೆ.)

"ಪರ ಮಾಡ್ದೋರೇ ವಾಸೀನೂ ಮಾಡ್ಲಿ," ಎಂದು ಹೇಳಿ ಹೊರಟುಹೋದಳು.

ಮಧ್ಯಾಹ್ನದ ಹೊತ್ತಿಗೆ ಪುಟ್ಟಬಸಪ್ಪನವರ ಕೆಂಚ ಬಂತು. ಸಂಜೆಯ ಹೊತ್ತಿಗೆ ಕಂಬಗಳು ಸಾಲದೆ ಕಿಟಕಿಯ ಸರಳಿಗೂ ಕಟ್ಟಿದ್ದರು. ನಿನ್ನ ಮನೆಯಲ್ಲಿ ಏನೂ ನಿಲ್ಲುವುದಿಲ್ಲವೆಂದು ಇನ್ನು ಯಾರೂ ಹೇಳುವಂತಿಲ್ಲ ಎಂದು ಯಜಮಾನರು ಬೀದಿಯ ತುದಿಯಿಂದ ಸಮಾಧಾನ ಹೇಳಿದರು. ಹೇಳಿ ಬೀಡಿ ಹಚ್ಚಿ, ಹೊಗೆ ನೆತ್ತಿಗೇರಿ ಕೆಮ್ಮಿದರು. ಅದನ್ನು ಕೇಳಿ ಜಗುಲಿಯಲ್ಲಿದ್ದಷ್ಟೂ ನಾಯಿಗಳು ಎದ್ದು ನಿಂತು ಕೆಮ್ಮಿದವು. ಕೆಮ್ಮೇ ಇಲ್ಲದ ದೊರೆಯೂ ಸುಮ್ಮನೆ ಒಂದು ಸಲ ಕೆಮ್ಮಿ, ಬಾಯಿ ತೆರೆದು ನನ್ನನ್ನೇ ನೋಡಿದ.

ನಾನು ಮುದ್ದೆಗೆ ಎಸರಿಡಲು ಹಿತ್ತಲಿಗೆ ಹೋದೆ.